ತಾತನ ಡೈರಿಲಿ "ಆರಿ 2, ಇ 4.62, ಅ 2.10" ಅಂತಿದೆ, ಇದು ಬಡ್ಡಿ ಲೆಕ್ಕನಾ ಬೇರೆ ಏನಾದ್ರೂನಾ?

ಮೊಮ್ಮಗ_ನಂ_3
ಎಲ್ರಿಗೂ ನಮಸ್ಕಾರ. ಉದ್ದ ಇದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ ತಾತ (ಅಮ್ಮನ ಅಪ್ಪ) ರೈಲ್ವೇಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ರು. ಸರ್ವೀಸ್‌ನಲ್ಲಿ ಜಾಸ್ತಿ ವರ್ಷ ಕಳೆದಿದ್ದು ಸಕಲೇಶಪುರ ಘಾಟಿಲಿ, ಅದೂ ಎಡಕುಮೇರಿಲಿ. ಮೀಟರ್ ಗೇಜ್ ಕಾಲ. ಆಗ ಅಲ್ಲಿಗೆ ರಸ್ತೆ ಅಂತ ಇರ್ಲಿಲ್ಲ, ರೈಲೇ ಗತಿ, ಅಕ್ಕಿ ಬೇಳೆ ಸಮೇತ ಗಾಡೀಲೇ ಬರ್ಬೇಕು. ಅಜ್ಜಿ ಮಕ್ಕಳ ಸ್ಕೂಲ್‌ಗೋಸ್ಕರ ಸಕಲೇಶಪುರದಲ್ಲೇ ಮನೆ ಮಾಡ್ಕೊಂಡಿದ್ರು. ತಾತ ಹೋಗಿ ಮೂರು ವರ್ಷ ಆಯ್ತು.

ಹೋದ ವಾರ ಮನೆ ಪೇಂಟ್ ಮಾಡಿಸೋಕೆ ಅಂತ ಅಟ್ಟದಿಂದ ಟ್ರಂಕ್ ಇಳಿಸಿದ್ರೆ ಅದ್ರಲ್ಲಿ 1981ರಿಂದ ಶುರುವಾಗಿ ಒಂಬತ್ತು ಪಾಕೆಟ್ ಡೈರಿ. ಮಾತು ಅಂತ ಒಂದು ಸಾಲೂ ಇಲ್ಲ, ಬರೀ ಅಂಕಿ. ಒಂದು ಪುಟ ಹಾಗೇ ಟೈಪ್ ಮಾಡ್ತೀನಿ ನೋಡಿ, 1983 ಜೂನ್ 26:

ಆರಿ 2. ಇ 4.62. ಅ 2.10. ಪಕ್ಕದಲ್ಲಿ ಒಂಬತ್ತು ಗೀಟು, ಗೀಟಿನ ಮುಂದೆ 12.

ಜುಲೈಗೆ ಬಂದ್ರೆ "ಪುನ 1. ಇ 6.10. ಅ 3.35". ಆಗಸ್ಟ್‌ನಲ್ಲಿ "ಮಘ", "ಹುಬ್ಬ" ಅಂತೆಲ್ಲ ಬರುತ್ತೆ.

ಈಗ ಸಮಸ್ಯೆ ಏನಪ್ಪಾ ಅಂದ್ರೆ ನಮ್ ದೊಡ್ಡ ಮಾವ ಇದನ್ನ ನೋಡಿದ್ದೇ ನೋಡಿದ್ದು, ಅಪ್ಪ ಬಡ್ಡಿಗೆ ದುಡ್ಡು ಬಿಟ್ಟಿದ್ರು ಅಂತ ತೀರ್ಮಾನ ಮಾಡ್ಬಿಟ್ಟಿದಾರೆ. ಅವರ ಪ್ರಕಾರ "ಆರಿ" ಅಂದ್ರೆ ಆರಿಫ್, "ಪುನ" ಅಂದ್ರೆ ಪುನೀತ, "ಅ" ಅಂದ್ರೆ ಅಸಲು, ಗೀಟೆಲ್ಲ ಕಟ್ಟಿದ ಕಂತು. "ಇ" ಏನು ಅಂದ್ರೆ ಇಂಟರೆಸ್ಟು ಅಂತೆ. ಅಸಲಿಗಿಂತ ಬಡ್ಡಿ ಡಬಲ್ ಇದೆಯಲ್ಲ ಮಾವ ಅಂದ್ರೆ ಮೀಟರ್ ಬಡ್ಡಿ ಕಣೋ ಅಂತಾರೆ. ಚಿಕ್ಕ ಮಾವಂಗೆ ಆ ದುಡ್ಡೆಲ್ಲ ದೊಡ್ಡ ಮಾವನ ಹತ್ರಾನೇ ಇದೆ ಅಂತ ಡೌಟು. ಮನೇಲಿ ಎರಡು ದಿನದಿಂದ ಮಾತುಕತೆ ಬಂದ್. ಯಾರಿಗಾದ್ರೂ ಇದು ಏನು ಅಂತ ಗೊತ್ತಾದ್ರೆ ಪುಣ್ಯ ಕಟ್ಕೊಳಿ.

ಬೆಂಚ್_ಕೊನೇದು
ಮೀಟರ್ ಗೇಜ್‌ನವರು ಮೀಟರ್ ಬಡ್ಡಿ ತಗೊಳ್ದೆ ಇನ್ನೇನು ತಗೋತಾರೆ 😂

ಪುಳಿಯೋಗರೆ_ಪುಟ್ಟಿ
ನಗಬೇಡಿ, ನಮ್ಮನೇಲೂ ಇದೇ ಥರ ಆಗಿತ್ತು. ತಾತನ ಪಂಚಾಂಗದಲ್ಲಿ ಸುಣ್ಣದ ಲೆಕ್ಕ ಬರೆದಿದ್ದನ್ನ ಚಿನ್ನದ ಲೆಕ್ಕ ಅಂತ ಓದ್ಕೊಂಡು ಚಿಕ್ಕಪ್ಪ ಹಿತ್ತಲು ಅಗೆದಿದ್ರು. ಸಿಕ್ಕಿದ್ದು ಹಳೇ ಕೊಳವೆ ಒಂದೇ.

ಹೊಲಮನೆ
ಅಯ್ಯೋ ಪುಣ್ಯಾತ್ಮ, ಆರಿಫೂ ಅಲ್ಲ ಪುನೀತನೂ ಅಲ್ಲ. ಆರಿದ್ರ, ಪುನರ್ವಸು, ಮಘ, ಹುಬ್ಬ. ಮಳೆ ನಕ್ಷತ್ರ ಕಣ್ರಿ ಅವು! ಮುಂದಿರೋ ನಂಬರ್ ಪಾದ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ, ಅದಕ್ಕೆ ನಾಲ್ಕು ಪಾದ. ಆರಿದ್ರ ಹುಟ್ಟೋದು ಜೂನ್ 21-22ಕ್ಕೆ, 26ಕ್ಕೆ ಎರಡನೇ ಪಾದ ನಡೀತಿರುತ್ತೆ, ಕರೆಕ್ಟಾಗಿದೆ. ಪುನರ್ವಸು ಜುಲೈ 5-6ಕ್ಕೆ. ನಿಮ್ ಮಾವ ಯಾವ ಊರಲ್ಲಿ ಬೆಳೆದ್ರು? ಸಕಲೇಶಪುರದಲ್ಲಿ ಬೆಳೆದೋರಿಗೆ ಹುಬ್ಬೆ ಮಳೆ ಗೊತ್ತಿಲ್ವಾ?

ಮೊಮ್ಮಗ_ನಂ_3
ಥೂ ನನ್ನ, ಆರಿದ್ರ ಮಳೆ!! ಕ್ಯಾಲೆಂಡರ್‌ನಲ್ಲಿ ದಿನಾ ನೋಡ್ತೀನಿ. ಮಾವ ಬೆಳೆದಿದ್ದೇನೋ ಸಕಲೇಶಪುರದಲ್ಲೇ, ಆದ್ರೆ ಅವರ ತಲೇಲಿ ಈಗ ಸೈಟು ಬಿಟ್ರೆ ಬೇರೇನೂ ಇಲ್ಲ. ಹಂಗಾದ್ರೆ ಇ, ಅ ಏನು?

ಮೂಡಿಗೆರೆ_ರೋಬಸ್ಟಾ
ಅಂಕಿ ನೋಡಿದ ತಕ್ಷಣ ಗೊತ್ತಾಯ್ತು. ಇಂಚು-ಸೆಂಟು. 4.62 ಅಂದ್ರೆ ನಾಲ್ಕು ಇಂಚು ಅರವತ್ತೆರಡು ಸೆಂಟು ಮಳೆ. ಇಂಚಲ್ಲಿ ನೂರನೇ ಒಂದು ಭಾಗ ಸೆಂಟು. ಸರ್ಕಾರದೋರು ಮಿಲಿಮೀಟರ್‌ಗೆ ಹೋಗಿ ಎಷ್ಟೋ ಕಾಲ ಆಯ್ತು, ಪ್ಲಾಂಟರ್‌ಗಳು ಇವತ್ತಿಗೂ ಫೋನ್ ಮಾಡಿದ್ರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟ್ ಸೆಂಟ್ ಆಯ್ತು" ಅಂತಾನೇ. ಹೆಂಡ್ತಿ ಮಕ್ಕಳು ಹೇಗಿದಾರೆ ಅನ್ನೋದು ಆಮೇಲೆ.

ಗೀಟಿನ ಕಥೆಯೂ ಸುಲಭ. ಮಳೆ ಅಳೆಯೋ ಗಾಜಿನ ಲೋಟ ಚಿಕ್ಕದು, ನಮ್ಮನೇಲಿರೋದು ತುಂಬಿದ್ರೆ ಅರ್ಧ ಇಂಚು, ಅಂದ್ರೆ 50 ಸೆಂಟು. ಬಾಟಲಿಲಿ ನಿಂತಿರೋ ನೀರನ್ನ ಒಂದೊಂದೇ ಲೋಟ ತುಂಬಿ ಚೆಲ್ತಾ ಎಣಿಸ್ಬೇಕು. ಒಂಬತ್ತು ಲೋಟ, ಮೇಲೆ 12 ಸೆಂಟು. 9 × 50 = 450, ಪ್ಲಸ್ 12, 462. ಬಂತಾ ಲೆಕ್ಕ? ಮಧ್ಯದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಎಣಿಕೆ ತಪ್ಪುತ್ತೆ, ನಮ್ಮಪ್ಪ ಗೀಟು ಹಾಕ್ಕೊಳ್ದೆ ಆರೋ ಏಳೋ ಅಂತ ನಮ್ಮಮ್ಮನ ಮೇಲೆ ಕೂಗಾಡೋರು.

ಟೆಕ್ಕಿ_ತಿಮ್ಮ
4.62 ಇಂಚು × 25.4 = 117 ಮಿಮೀ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೇಲಿ 115.6 ದಾಟಿದ್ರೆ "ಅತಿ ಭಾರಿ ಮಳೆ". ಈಗಾಗಿದ್ರೆ ಆರೆಂಜ್ ಅಲರ್ಟು, ಸ್ಕೂಲ್‌ಗೆ ರಜ, ಟಿವಿಲಿ ರೇನ್‌ಕೋಟ್ ಹಾಕ್ಕೊಂಡು ಕಿರುಚಾಡೋರು. ನಿಮ್ ತಾತ ಛತ್ರಿ ಹಿಡ್ಕೊಂಡು ಹೋಗಿ ಒಂಬತ್ತು ಲೋಟ ಎಣಿಸಿ ಗೀಟು ಹಾಕಿ ವಾಪಸ್ ಡ್ಯೂಟಿಗೆ ಕೂತಿದಾರೆ.

ಬೆಂಚ್_ಕೊನೇದು
ಸರ್ಕಾರಿ ಸಂಬಳ ತಗೊಂಡು ಮಳೆ ಎಣಿಸ್ತಾ ಕೂತಿದ್ರು ಅಂತಾಯ್ತು

ಹಳೇ_ಟಿಕೆಟ್
@ಬೆಂಚ್_ಕೊನೇದು ನಿಮಗೆ ಆ ಕೆಲಸ ಏನು ಅಂತ ಗೊತ್ತಿದ್ರೆ ಹಿಂಗೆ ಬರೀತಿರ್ಲಿಲ್ಲ. ಮಳೆ ಅಳೆಯೋದು ಬೆಳಿಗ್ಗೆ 8:30ಕ್ಕೆ, ದಿನಕ್ಕೆ ಒಂದೇ ಸಲ, ಐದು ನಿಮಿಷದ ಕೆಲಸ.

ನಮ್ಮ ತಾತನೂ ಸ್ಟೇಷನ್ ಮಾಸ್ಟರೇ, ಬೀರೂರು ಕಡೆ. ಸಿಂಗಲ್ ಲೈನು. ಎರಡು ಸ್ಟೇಷನ್ ಮಧ್ಯೆ ಒಂದು ಹೊತ್ತಿಗೆ ಒಂದೇ ಗಾಡಿ ಇರ್ಬೇಕು, ಅದಕ್ಕೆ ಟೋಕನ್ ಮೆಷಿನ್. ಆಚೆ ಸ್ಟೇಷನ್ನಿಗೆ ಗಂಟೆ ಹೊಡೆದು ಲೈನ್ ಕ್ಲಿಯರ್ ಕೇಳ್ಬೇಕು, ಅಲ್ಲಿಯವರು ಒಪ್ಪಿದ್ರೆ ಮಾತ್ರ ಈ ಕಡೆ ಮೆಷಿನ್ನಿಂದ ಕಬ್ಬಿಣದ ಗುಂಡು ಹೊರಗೆ ಬರೋದು. ಆ ಗುಂಡನ್ನ ಚರ್ಮದ ಚೀಲಕ್ಕೆ ಹಾಕಿ ಬೆತ್ತದ ಬಳೆಗೆ ಕಟ್ಟಿ ಡ್ರೈವರ್‌ಗೆ ಕೊಡೋದು. ನಿಲ್ಲದ ಗಾಡಿ ಆದ್ರೆ ಡ್ರೈವರ್ ಹಳೇ ಬಳೆ ಪ್ಲಾಟ್‌ಫಾರ್ಮ್‌ಗೆ ಎಸೆದು ಹೊಸದನ್ನ ಓಡ್ತಾನೇ ತೋಳಲ್ಲಿ ತೂರಿಸ್ಕೋತಿದ್ದ. ನಮ್ ತಾತಂಗೆ ಬಲಗೈ ಮುಂಗೈ ಮೇಲೆ ಅದರದ್ದೇ ಒಂದು ಗಾಯದ ಗುರುತಿತ್ತು. ರಾತ್ರಿ ಪಾಳಿ ಮುಗಿಸಿ ಬಂದ್ರೂ ನಿದ್ದೇಲಿ "ಲೈನ್ ಕ್ಲಿಯರ್ ಕೊಟ್ಟೆ" ಅನ್ನೋರು. ಅಂಥ ಕೆಲಸದಲ್ಲಿ ಒಬ್ಬ ಮನುಷ್ಯ ಮಳೆ ಅಳೆದು ಸಮಾಧಾನ ಮಾಡ್ಕೊಂಡ್ರೆ ಅಳೀಲಿ ಬಿಡ್ರಿ.

ಬೆಂಚ್_ಕೊನೇದು
ಆಯ್ತು ಸಾರ್ ತಪ್ಪಾಯ್ತು. ತಮಾಷೆಗೆ ಅಂದೆ.

ಹುಬ್ಬಳ್ಳಿ_ಹೈದ
ರೈಲ್ವೇ ಅಜ್ಜಂದಿರ ಸುದ್ದಿ ನಡದೈತಿ ಅಂದ್ರ ನಾನೂ ಒಂದ್ ಹೇಳ್ತೀನ್ರೀ. ನಮ್ಮಜ್ಜ ಹುಬ್ಬಳ್ಳಿ ವರ್ಕ್‌ಶಾಪ್‌ನ್ಯಾಗ ಫಿಟ್ಟರ್. ಮುಂಜಾನೆ ಭೋಂಗಾ ಹೊಡೀತು ಅಂದ್ರ ಇಡೀ ಗಲ್ಲಿನ ಎದ್ದು ಸೈಕಲ್ ಹತ್ತತಿತ್ತು. ಆದ್ರ ಅವಂಗ ಖರೇ ಹುಚ್ಚು ಇದ್ದದ್ದು ಪೇಟಿ ರಿಪೇರಿದು, ಅಂದ್ರ ಹಾರ್ಮೋನಿಯಮ್. ನಾಟಕ ಕಂಪನಿಯವ್ರು ಊರಿಗೆ ಬಂದ್ರ ಸುರ ಬಿಟ್ಟಿದ್ದ ಪೇಟಿ ಹೊತ್ಕೊಂಡ್ ನಮ್ಮನಿಗೇ ಬರ್ತಿದ್ರು. ಹಿತ್ತಾಳಿ ರೀಡ್ ಬಿಚ್ಚಿ ತುದಿಗೆ ಸಣ್ಣಂಗ ಕೆರದ್ರ ಸುರ ಏರ್ತದ, ಬುಡದಾಗ ಕೆರದ್ರ ಇಳೀತದ. ಒಂದ್ ಕೂದ್ಲಷ್ಟು ಹೆಚ್ಚಾತು ಅಂದ್ರ ಮುಗೀತ್, ಮತ್ತ ಬುಡದಿಂದ ಶುರು. ದಿನಾ ವ್ಯಾಗನ್ನಿನ ಕಬ್ಬಿಣ ಬಡಿಯೋ ಕೈಲೆ ಅದನ್ನ ಮಾಡ್ತಿದ್ದ. ರೊಕ್ಕ ತಗೋತಿದ್ದಿಲ್ಲ, ನಾಟಕದ ಮುಂದಿನ ಸಾಲಿನ ಪಾಸ್ ತಗೋತಿದ್ದ. ನಮ್ಮಜ್ಜಿ ಸಿಟ್ಟು ಏನಂದ್ರ ಪಾಸ್ ಯಾವಾಗ್ಲೂ ಒಂದ ಇರ್ತಿತ್ತಂತ!

ಪುಳಿಯೋಗರೆ_ಪುಟ್ಟಿ
ಅಜ್ಜಿ ಪರ ನಾನು ✊

ನೆಹರೂನಗರ_ಪುತ್ತೂರು
ಅಡಿಕೆ ಅಜ್ಜಂದಿರನ್ನು ಬಿಟ್ಟದ್ದು ಯಾಕೆ ಮಾರಾಯ್ರೆ? ನಮ್ಮಜ್ಜನ ಹತ್ತಿರವೂ ಮಳೆ ಡೈರಿ ಉಂಟು. ಅಡಿಕೆಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡ್ಬೇಕಲ್ಲ, ಮಳೆಗಾಲ ಶುರುವಾಗುವ ಮುಂಚೆ ಒಂದು, ಮತ್ತೆ ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು. ಎರಡನೆಯದಕ್ಕೆ ಎಡೆಯಲ್ಲಿ ಎರಡು ದಿನ ಬಿಸಿಲು ಸಿಗಬೇಕು, ಆ ಬಿಸಿಲು ಯಾವಾಗ ಸಿಕ್ಕೀತು ಅಂತ ಹಳೆ ಡೈರಿ ತೆಗೆದು ನೋಡುವುದು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅಜ್ಜನ ಬನಿಯನ್ನು ನೀಲಿ, ಉಗುರು ನೀಲಿ, ಡೈರಿಯ ಮೂಲೆಯೂ ನೀಲಿ.

ಇನ್ನೊಂದು ವಿಷಯ, 8:30ಕ್ಕೆ ಅಳೆದದ್ದು ಅಂದ್ರೆ ಅದು ಹಿಂದಿನ ದಿನ 8:30ರಿಂದ ಬಿದ್ದ ಮಳೆ. ಹಾಗಾಗಿ 26ನೇ ತಾರೀಕಿನ ಅಂಕಿಯಲ್ಲಿ ಹೆಚ್ಚಿನ ಪಾಲು 25ರದ್ದೇ. ಮತ್ತೆ ಯಾರಾದ್ರೂ ಜಗಳ ಮಾಡುವುದು ಬೇಡ.

ಟೆಕ್ಕಿ_ತಿಮ್ಮ
ಜಗಳ ಮಾಡ್ತೀನಿ 🙂 ಸ್ಟೇಷನ್‌ನಲ್ಲಿ ಇಲಾಖೆಯ ಮಳೆಮಾಪಕ ಇತ್ತಾ, ತಾತ ಮನೇಲಿ ಮಾಡ್ಕೊಂಡಿದ್ದಾ? ಆಲಿಕೆ ಬಾಯಿಯ ಅಗಲಕ್ಕೂ ಅಳತೆ ಲೋಟಕ್ಕೂ ಮ್ಯಾಚ್ ಆಗ್ಬೇಕು. ಯಾವ್ದೋ ಆಲಿಕೆಗೆ ಯಾವ್ದೋ ಲೋಟ ಹಿಡಿದ್ರೆ ಒಂಬತ್ತು ಡೈರಿನೂ ತಿಪ್ಪೆಗೆ.

ಮೂಡಿಗೆರೆ_ರೋಬಸ್ಟಾ
ತಿಪ್ಪೆಗೆ ಯಾಕೆ ಹಾಕ್ತೀರಾ, ತಪ್ಪಾಗಿದ್ರೂ ದಿನಾ ಒಂದೇ ಥರ ತಪ್ಪಾಗಿರುತ್ತೆ, ಒಂದು ವರ್ಷಕ್ಕೆ ಇನ್ನೊಂದು ವರ್ಷ ಹೋಲಿಸೋಕೆ ಸಾಕು.

ಮೊಮ್ಮಗ_ನಂ_3
ಆಲಿಕೆ ಟ್ರಂಕ್‌ನಲ್ಲೇ ಸಿಕ್ತು, ಈಗ ತಾನೇ ಸ್ಕೇಲ್ ಇಟ್ಟು ನೋಡ್ದೆ. ಸರಿಯಾಗಿ ಐದು ಇಂಚು ಅಗಲ, ಬಾಯಿಗೆ ಹಿತ್ತಾಳೆ ಉಂಗುರ ಇದೆ, ಅಂಚು ಚೂಪು. ಲೋಟ ಮಾತ್ರ ಇಲ್ಲ.

ಮೂಡಿಗೆರೆ_ರೋಬಸ್ಟಾ
ಐದು ಇಂಚು, ಹಿತ್ತಾಳೆ ಅಂಚು ಅಂದ್ರೆ ಅಸಲಿ ಮಾಲು. ತಿಮ್ಮ ಅವ್ರೆ, ತಿಪ್ಪೆ ವಾಪಸ್ ತಗೊಳಿ.

ಕಾವೇರಿ_ದಂಡೆ
ಎಂಥಾ ಜನ ಆಗಿನವ್ರು!! ನೋಡಿ, ಕಾಡಿನ ಮಧ್ಯೆ ಒಬ್ಬ ಸ್ಟೇಷನ್ ಮಾಸ್ಟರ್ ದಿನಾ ಮಳೆ ಅಳೆದು ಎಷ್ಟು ಗಾಡಿ ಉಳಿಸಿದಾರೋ. ಮಳೆ ಜಾಸ್ತಿ ಆದ್ರೆ ಗುಡ್ಡ ಕುಸಿಯುತ್ತೆ ಅಂತ ಮೊದಲೇ ಗೊತ್ತಾಗಿ ರೈಲು ನಿಲ್ಲಿಸಿರ್ತಾರೆ. ಇಂಥವರಿಗೆ ಪ್ರಶಸ್ತಿ ಕೊಡ್ಬೇಕು.

ಗ್ಯಾಂಗ್_ನಂ_ಏಳು
ಕ್ಷಮಿಸಿ, ಇದನ್ನ ಓದಿ ಸುಮ್ನಿರೋಕಾಗ್ಲಿಲ್ಲ. ನಮ್ಮ ತಾತ ಅದೇ ಘಾಟಿಲಿ ಗ್ಯಾಂಗ್‌ಮನ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ, 50 ಅಡಿಗೆ ಒಂದು ಅಡಿ ಏರು. ಮಳೆಗಾಲದಲ್ಲಿ ರಾತ್ರಿಯೆಲ್ಲ ಆ ಲೈನ್ ಮೇಲೆ ನಡೆಯೋದು ಯಾರು? ಪೆಟ್ರೋಲ್‌ಮನ್. ಕೈದೀಪ, ಮಳೆಗೆ ತಲೆ ಬೆನ್ನು ಮುಚ್ಚೋ ಗೊರಬು, ಸೊಂಟಕ್ಕೆ ಪಟಾಕಿ ಡಬ್ಬಿ. ಪಟಾಕಿ ಅಂದ್ರೆ ಡಿಟೋನೇಟರ್, ಹಳಿ ಮೇಲೆ ಕಟ್ಟಿದ್ರೆ ಇಂಜಿನ್ ಹತ್ತಿದಾಗ ಢಂ ಅನ್ನುತ್ತೆ, ಡ್ರೈವರ್ ನಿಲ್ಲಿಸ್ತಾನೆ. ಮಣ್ಣು ಬಿದ್ದಿದ್ದು ಕಂಡ್ರೆ ಮೀಟರ್ ಗೇಜ್‌ನಲ್ಲಿ 400 ಮೀಟರ್ ಓಡಿ ಒಂದು ಕಟ್ಬೇಕು, 800ಕ್ಕೆ ಹೋಗಿ ಮೂರು ಕಟ್ಬೇಕು. ಜಿಗಣೆ ಕಾಲ್ಗೆ ಹತ್ತಿರೋದು ನೋಡೋಕೂ ಟೈಮಿಲ್ಲ. ಬೀಟ್ ಮುಗಿಸಿ ಸ್ಟೇಷನ್‌ಗೆ ಬಂದ್ರೆ ಮಾಸ್ಟ್ರು ಪುಸ್ತಕಕ್ಕೆ ಸೈನ್ ಹಾಕೋರು, ಟೈಮ್ ಬರೆಯೋರು, ಮತ್ತೆ ವಾಪಸ್ ನಡಿ.

ಇವರ ತಾತನ ಬಗ್ಗೆ ನಂಗೇನೂ ಬೇಜಾರಿಲ್ಲ, ಒಳ್ಳೇ ಮನುಷ್ಯರೇ ಇರ್ತಾರೆ. ಆದ್ರೆ ಡೈರಿ ಬರೆದವರಿಗೆಲ್ಲ ಪ್ರಶಸ್ತಿ, ಬರೆಯೋಕೆ ಬರ್ದೇ ಇದ್ದವರು ಲೆಕ್ಕಕ್ಕೇ ಇಲ್ಲ. ನಮ್ ತಾತ ಬಿಟ್ಟು ಹೋಗಿದ್ದು ಒಂದು ಪಟಾಕಿ ಡಬ್ಬಿ, ಖಾಲಿದು, ಅದ್ರಲ್ಲಿ ನಮ್ಮವ್ವ ಸೂಜಿ ದಾರ ಇಡ್ತಾರೆ.

ಮೊಮ್ಮಗ_ನಂ_3
@ಗ್ಯಾಂಗ್_ನಂ_ಏಳು ನೂರಕ್ಕೆ ನೂರು ಒಪ್ತೀನಿ ಅಣ್ಣ. ತಾತ ಗಾಡಿ ಉಳಿಸಿದ ಕಥೆ ನಮ್ಮನೇಲಿ ಯಾವತ್ತೂ ಹೇಳಿಲ್ಲ. ಅವರು ಹೇಳ್ತಿದ್ದಿದ್ದು ಬರೀ ಊಟದ್ದು, ಪೆಟ್ರೋಲ್‌ಗೆ ಬರೋರು ಕಾಡಿಂದ ಕಳಲೆ ತಂದು ಕೊಡ್ತಿದ್ರು, ಅದರ ಪಲ್ಯ ಅಂತ. ನಿಮ್ ತಾತನೇ ಇದ್ರೂ ಇರ್ಬೋದು.

ಗ್ಯಾಂಗ್_ನಂ_ಏಳು
ಕಳಲೆ ಅಂದ್ರೆ ನಮ್ ತಾತನೇ ಅಂತ ಹೇಳೋಕಾಗಲ್ಲ, ಅಲ್ಲಿ ಎಲ್ರೂ ಕಳಲೆ ಕಡೀತಿದ್ರು 🙂 ಆದ್ರೂ ಖುಷಿ ಆಯ್ತು.

ಹಳೇ_ಟಿಕೆಟ್
74ರ ಸ್ಟ್ರೈಕ್ ನೆನಪು ಯಾರ ಮನೇಲಾದ್ರೂ ಇದೆಯಾ? ಮೇ 8ಕ್ಕೆ ಶುರುವಾಗಿ 27ರ ತನಕ ನಡೀತಲ್ಲ. ನಮ್ ತಾತ ಸ್ಟ್ರೈಕ್‌ಗೆ ಸೇರಿದ್ರು, ಅವರ ತಮ್ಮ ಸೇರ್ಲಿಲ್ಲ, ಇಬ್ರೂ ರೈಲ್ವೇಲೇ. ಎಷ್ಟೋ ವರ್ಷ ಒಬ್ರ ಮನೆ ಮದುವೆಗೆ ಇನ್ನೊಬ್ರು ಹೋಗ್ಲಿಲ್ಲ.

ಹುಬ್ಬಳ್ಳಿ_ಹೈದ
ಐತ್ರೀ. ನಮ್ಮಜ್ಜ ಆ ಇಪ್ಪತ್ತು ದಿನದಾಗ ಹನ್ನೊಂದು ಪೇಟಿ ರಿಪೇರಿ ಮಾಡ್ಯಾನ. ಅವಾಗಷ್ಟ ರೊಕ್ಕ ತಗೊಂಡಿದ್ದ, ಮನಿ ನಡೀಬೇಕಲ್ರೀ.

ಸಿಲೋನ್_ಕೇಳುಗ
ನಮ್ಮ ತಾತ ರೈಲ್ವೇ ಅಲ್ಲ, ಪೋಸ್ಟ್ ಆಫೀಸು. ರೇಡಿಯೋ ಹುಚ್ಚು. ಶಾರ್ಟ್‌ವೇವ್‌ನಲ್ಲಿ ಸಿಲೋನ್ ಹಿಡಿಯೋಕೆ ತಂತಿ ಏರಿಯಲ್ ಮಾವಿನ ಮರಕ್ಕೆ ಕಟ್ಟಿದ್ರು, ಮಾವಿನಕಾಯಿ ಕೀಳೋಕೆ ಹತ್ತಿದ ಹುಡುಗ ಅದನ್ನೂ ಕಿತ್ತು, ಆಮೇಲೆ ಏನಾಯ್ತು ಅಂತ ಬರೆದ್ರೆ ಇನ್ನೊಂದು ಥ್ರೆಡ್ ಆಗುತ್ತೆ.

ಬೆಂಚ್_ಕೊನೇದು
ಆ ಹುಡುಗ ನೀವೇ ತಾನೇ

ಸಿಲೋನ್_ಕೇಳುಗ
ನಾನೇ.

ಹೊಲಮನೆ
ಎಲ್ಲಾ ಸರಿ, ಇ ಮತ್ತೆ ಅ ಏನು ಅಂತ ಯಾರೂ ಹೇಳ್ಲೇ ಇಲ್ಲ. ನಂಗೆ "ಇಳಿ", "ಅಬ್ಬರ" ಅನ್ಸುತ್ತೆ. ಇಳಿ ಮಳೆ, ಅಬ್ಬರದ ಮಳೆ.

ಪುಳಿಯೋಗರೆ_ಪುಟ್ಟಿ
ಇರುಳು, ಅಹಸ್ಸು? ರಾತ್ರಿ ಮಳೆ ಹಗಲು ಮಳೆ.

ಬೆಂಚ್_ಕೊನೇದು
ಇಲ್ಲಿ, ಅಲ್ಲಿ

ಟೆಕ್ಕಿ_ತಿಮ್ಮ
ಅಹಸ್ಸು ಅಂತ ಯಾವ ಸ್ಟೇಷನ್ ಮಾಸ್ಟರ್ ಬರೀತಾನೆ? ದಿನಕ್ಕೆ ಒಂದೇ ಸಲ ಅಳೆಯೋದು ಅಂತ ಮೇಲೆ ಹೇಳಿದಾರಲ್ಲ, ರಾತ್ರಿ ಹಗಲು ಹೆಂಗೆ ಬೇರೆ ಮಾಡೋದು. ಇ = ಇಂಚು, ಅ = ಅಂದಾಜು ಇರ್ಬೇಕು. ಮೊದಲು ಕಣ್ಣಂದಾಜಲ್ಲಿ ಬರೆದು ಆಮೇಲೆ ಅಳೆಯೋದು, ತನಗೇ ತಾನು ಪರೀಕ್ಷೆ. ಅವರ ಹಾಬಿ ಅದೇ.

ನೆಹರೂನಗರ_ಪುತ್ತೂರು
ಅಂದಾಜು ದಿನಾ ಅರ್ಧಕ್ಕರ್ಧ ತಪ್ಪುತ್ತದಾ? ಅಷ್ಟು ಪೆದ್ದರಾ ಅಜ್ಜ?

ಮೊಮ್ಮಗ_ನಂ_3
ಇನ್ನೊಂದು ಗಮನಿಸ್ದೆ. ಜನವರಿ ಪೂರ್ತಿ, ಒಂದು ದಿನ ಬಿಡದೆ "ಇ 0. ಅ 0." ಅಂತ ಬರೆದಿದಾರೆ. ಫೆಬ್ರವರಿ ಹಾಗೇ. ಆಮೇಲೆ ಮಾರ್ಚ್ 19ಕ್ಕೆ "ಇ 0. ಅ ಹೂ 1.05" ಅಂತಿದೆ, ಹೂ ಸುತ್ತ ಒಂದು ಸೊನ್ನೆ ಸುತ್ತಿದಾರೆ. ಏಪ್ರಿಲ್ 6ಕ್ಕೆ "ಅ ಬ್ಯಾ 0.70". ಪ್ರತಿ ವರ್ಷ ಹೀಗೇ ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಹೂ, ಒಂದು ಬ್ಯಾ. ಮಾವನ ಲೇಟೆಸ್ಟ್ ಥಿಯರಿ ಬ್ಯಾ ಅಂದ್ರೆ ಬ್ಯಾಂಕ್.

ಮೂಡಿಗೆರೆ_ರೋಬಸ್ಟಾ
ಇರಿ ಇರಿ ಇರಿ. ಹೂ ಅಂದ್ರೆ ಹೂ ಮಳೆ, ಬ್ಯಾ ಅಂದ್ರೆ ಬ್ಯಾಕಿಂಗು. ಇದು ಪಕ್ಕಾ ಕಾಫಿ ಭಾಷೆ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಮಳೆ ಬಿದ್ರೆ ಮೊಗ್ಗು ಬಿಚ್ಚುತ್ತೆ, ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ. ಅದಾಗಿ ಎರಡು ಮೂರು ವಾರದಲ್ಲಿ ಇನ್ನೊಂದು ಹದ ಮಳೆ ಬರ್ಬೇಕು, ಕಾಯಿ ಕಚ್ಚೋಕೆ, ಅದು ಬ್ಯಾಕಿಂಗ್. ರೋಬಸ್ಟಾಗೆ ಇವೆರಡು ಸಿಗ್ಲಿಲ್ಲ ಅಂದ್ರೆ ಆ ವರ್ಷ ತೋಟ ಬರೀ ಸೊಪ್ಪು.

ಪಾಯಿಂಟ್ ಏನು ಗೊತ್ತಾ, ಎಡಕುಮೇರಿ ಸುತ್ತ ಕಾಡು. ಅಲ್ಲಿ ಹೂ ಮಳೆ ಅಂತ ಯಾರು ಯಾಕೆ ಬರೀತಾರೆ? ನೀವು ಹಾಕಿದ ಲೆಕ್ಕದಲ್ಲಿ ಹೂ, ಬ್ಯಾ ಎರಡೂ "ಅ" ಮುಂದೇ ಇದೆ. "ಇ" ಮುಂದೆ ಎಲ್ಲಾದ್ರೂ ಇದೆಯಾ? ಅದೂ ಅಲ್ದೆ ಮಳೆಗಾಲದಲ್ಲಿ "ಇ" ಯಾವಾಗ್ಲೂ ಜಾಸ್ತಿ, ಘಾಟಿ ಇಳೀತಾ ಇಳೀತಾ ಮಳೆ ಜಾಸ್ತಿ ಆಗೋ ಥರಾನೇ. "ಅ" ಯಾವುದೋ ಕಾಫಿ ಊರು. ನಿಮ್ ತಾತಂಗೆ ದಿನಾ ಅಲ್ಲಿಂದ ಯಾರೋ ಮಳೆ ಲೆಕ್ಕ ಕೊಡ್ತಿದ್ರು.

ಬೆಂಚ್_ಕೊನೇದು
ನಾನು ಆಗ್ಲೇ ಹೇಳಿದ್ದೆ. ಇಲ್ಲಿ, ಅಲ್ಲಿ.

ಟೆಕ್ಕಿ_ತಿಮ್ಮ
ಒಂದು ಪದ ಹಾಕಿ ಓಡಿ ಹೋದ್ರೆ ಅದನ್ನ ಹೇಳಿದ್ದು ಅನ್ನಲ್ಲ

ಮೊಮ್ಮಗ_ನಂ_3
ಇ ಮುಂದೆ ಒಂದೇ ಒಂದು ಹೂ ಇಲ್ಲ, ಒಂಬತ್ತೂ ಡೈರಿ ನೋಡ್ದೆ. ಕೈಯೆಲ್ಲ ನಡುಗ್ತಿದೆ. ಅಜ್ಜಿನ ಕೇಳ್ತೀನಿ ಇರಿ, ಸೀರಿಯಲ್ ಮುಗೀಲಿ.

ಪುಳಿಯೋಗರೆ_ಪುಟ್ಟಿ
ಅಜ್ಜಿ ಇದಾರಾ?!! ಇಷ್ಟು ಹೊತ್ತು ನಮ್ಮನ್ನ ಕೇಳ್ತಾ ಕೂತಿದ್ದಿರಲ್ಲ ಮಹಾನುಭಾವ

ಹುಬ್ಬಳ್ಳಿ_ಹೈದ
ಮನ್ಯಾಗ ಅಜ್ಜಿನ್ನ ಇಟ್ಕೊಂಡ್ ಊರ ಮಂದಿನ್ನ ಕೇಳೂದು, ಭಾರಿ ಅದೀರಿ ನೀವು

ಮೊಮ್ಮಗ_ನಂ_3
ಬೈಸ್ಕೊಳೋಕೆ ರೆಡಿ ಇದೀನಿ. ಅಜ್ಜಿಗೆ 84. ಡೈರಿ ಅವರ ಕೈಗೆ ಕೊಟ್ಟೆ, ಕನ್ನಡಕ ಹಾಕ್ಕೊಂಡು ಒಂದು ಪುಟ ನೋಡಿ "ಇದೇನೋ, ಮಳೆ ಪುಸ್ತಕ" ಅಂದ್ರು, ಪೇಪರ್ ಬಂತು ಅನ್ನೋ ಥರ. ಅ ಅಂದ್ರೆ ಏನಜ್ಜಿ ಅಂದೆ. "ಅಲ್ಲಿ ಕಣೋ. ಅವರಿಗೆ ನಾವು ಅಲ್ಲಿ."

ಎರಡು ಮಾಪಕ ಇತ್ತಂತೆ. ಒಂದು ಸ್ಟೇಷನ್ ಹಿಂದೆ, ತಾತ ಕೈಯಿಂದ ದುಡ್ಡು ಹಾಕಿ ತಂದಿದ್ದು. ಇನ್ನೊಂದು ಸಕಲೇಶಪುರದ ಮನೆ ಅಂಗಳದಲ್ಲಿ. ಅಲ್ಲಿ ಅಳೀತಿದ್ದಿದ್ದು ಅಜ್ಜಿ. ದಿನಾ ಬೆಳಿಗ್ಗೆ ಮಕ್ಕಳಿಗೆ ತಿಂಡಿ ಕೊಟ್ಟು, ಲೋಟ ಹಿಡಿದು ಅಳೆದು, ಚೀಟಿಲಿ ಬರೆದು ಘಾಟಿ ಇಳಿಯೋ ಗಾಡೀಲಿ ಹೋಗೋರ ಕೈಲಿ ಕಳಿಸ್ತಿದ್ರಂತೆ, ಮಜ್ಜಿಗೆಹುಳಿ ಡಬ್ಬಿ ಜೊತೆಗೆ. ಹೂ ಮಳೆ ಬ್ಯಾಕಿಂಗ್ ಎಲ್ಲ ಅವರಿಗೆ ಹೇಳ್ಕೊಟ್ಟಿದ್ದು ಪಕ್ಕದ ಮನೆಯ, ಕಾಫಿ ತೋಟದಲ್ಲಿ ಲೆಕ್ಕ ಬರೆಯೋ ರೈಟರ ಹೆಂಡ್ತಿ. ಕಾಗದ ಬರೀಬಹುದಿತ್ತಲ್ಲ ಅಜ್ಜಿ ಅಂದ್ರೆ "ಏನಂತ ಬರೆಯೋದು, ದಿನಾ ಅದೇ ಅಡುಗೆ, ಅದೇ ಸ್ಕೂಲು. ಮಳೆ ಆದ್ರೆ ದಿನಾ ಬೇರೆ ಇರುತ್ತೆ" ಅಂದ್ರು.

ಮತ್ತೆ ಜನವರಿಲಿ ಸೊನ್ನೆ ಯಾಕೆ ಬರೀತಿದ್ರಿ, ಮಳೆನೇ ಇಲ್ವಲ್ಲ ಅಂದೆ. ಸೊನ್ನೆ ಆದ್ರೂ ಚೀಟಿ ಹೋಗ್ಲೇಬೇಕಿತ್ತಂತೆ. ಒಂದ್ಸಲ ಜ್ವರ ಬಂದು ಎರಡು ದಿನ ಕಳಿಸಿಲ್ಲ, ತಾತ ಸ್ಟೇಷನ್ ಫೋನ್‌ನಿಂದ ಸಕಲೇಶಪುರ ಸ್ಟೇಷನ್‌ಗೆ ಮಾಡಿ, ಅಲ್ಲಿಂದ ಪೋರ್ಟರ್ ಒಬ್ರು ಮನೆ ಬಾಗಿಲಿಗೆ ಬಂದು "ಅಮ್ಮಾ ಮಾಸ್ಟ್ರು ಮಳೆ ಕೇಳ್ತಾವ್ರೆ" ಅಂತ ಕೂಗಿದ್ರಂತೆ. ಫೆಬ್ರವರಿ, ಸುಡು ಬಿಸಿಲು. ಬೀದಿಯೋರೆಲ್ಲ ನಕ್ಕಿದ್ದೇ ನಕ್ಕಿದ್ದು.

ಪುಳಿಯೋಗರೆ_ಪುಟ್ಟಿ
ಮಾಸ್ಟ್ರು ಮಳೆ ಕೇಳ್ತಾವ್ರೆ 😭😭

ಹಳೇ_ಟಿಕೆಟ್
ಕಂಟ್ರೋಲ್ ಫೋನ್‌ನಲ್ಲಿ ಮಾಡಿದ್ರೆ ಹಾಸನದ ತನಕ ಎಲ್ಲಾ ಸ್ಟೇಷನ್ನಿನವರೂ ಕೇಳಿಸ್ಕೊಂಡಿರ್ತಾರೆ, ಅದು ಎಲ್ರಿಗೂ ಒಂದೇ ಲೈನು.

ಗ್ಯಾಂಗ್_ನಂ_ಏಳು
ಅಜ್ಜಿಗೆ ನಮಸ್ಕಾರ ಹೇಳಿ. ಆ ಚೀಟಿ ತಲುಪಿಸಿದವರಿಗೂ ಒಂದು 🙂

ಟೆಕ್ಕಿ_ತಿಮ್ಮ
ಇಲ್ಲಿ-ಅಲ್ಲಿ ಬೆಂಚ್_ಕೊನೇದು ಅವರಿಗೇ. ಒಪ್ಕೊಂಡೆ. ಡೈರಿ ಫೋಟೋ ಕಳಿಸಿದ್ರೆ ನಾನು ಶೀಟ್‌ಗೆ ಟೈಪ್ ಮಾಡ್ತೀನಿ, ಒಂಬತ್ತು ವರ್ಷ, ಎರಡು ಊರು, ದಿನಾ. ಚಿಕ್ಕ ವಿಷಯ ಅಲ್ಲ.

ಮೂಡಿಗೆರೆ_ರೋಬಸ್ಟಾ
83 ಮಾರ್ಚ್ ಏಪ್ರಿಲ್ ಪುಟ ಮೊದಲು ನಂಗೆ. ಆ ವರ್ಷದ ಹೂ ಮಳೆ ಬಗ್ಗೆ ನಮ್ಮಪ್ಪಂಗೂ ದೊಡ್ಡಪ್ಪಂಗೂ ಇವತ್ತಿಗೂ ವಾದ.

ಹೊಲಮನೆ
ಮಾವ ಏನಂದ್ರು?

ಮೊಮ್ಮಗ_ನಂ_3
ದೊಡ್ಡ ಮಾವ ಹತ್ತು ನಿಮಿಷ ಸುಮ್ನೆ ಕೂತಿದ್ದು "ಹಂಗಾದ್ರೆ ದುಡ್ಡಿಲ್ವಾ" ಅಂದ್ರು. ಚಿಕ್ಕ ಮಾವಂಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಅಜ್ಜಿ ಈಗ ಇನ್ನೊಂದು ಶುರು ಹಚ್ಕೊಂಡಿದಾರೆ, ಮಾಪಕ ವಾಪಸ್ ಅಂಗಳದಲ್ಲಿ ಇಡ್ಬೇಕಂತೆ, ರೋಹಿಣಿ ಹುಟ್ಟೋಕೆ ಹತ್ತೇ ದಿನ ಇದೆಯಂತೆ. ಆಲಿಕೆ ಇದೆ, ಬಾಟ್ಲಿ ಯಾವುದಾದ್ರೂ ನಡೆಯುತ್ತೆ, ಅಳತೆ ಲೋಟ ಎಲ್ಲಿ ಅಂತ ಮನೆಯೆಲ್ಲ ಹುಡುಕಿದ್ವಿ. ಕೊನೆಗೆ ದೊಡ್ಡ ಮಾವನ ಮನೆ ಬಾತ್‌ರೂಮ್‌ನಲ್ಲಿ ಸಿಕ್ತು, ಇಪ್ಪತ್ತು ವರ್ಷದಿಂದ ಅದ್ರಲ್ಲಿ ಬ್ರಷ್ ಇಡ್ತಿದ್ರಂತೆ. ಪೇಸ್ಟ್ ಕಲೆ ಹೋಗಿದೆ, 30ರ ಕೆಳಗಿನ ಗೆರೆ ಎಲ್ಲ ಅಳಿಸಿ ಹೋಗಿದೆ. ಮೂಡಿಗೆರೆಯೋರೆ, ಹೊಸ ಲೋಟ ನಿಮ್ ಕಡೆ ಎಲ್ಲಿ ಸಿಗುತ್ತೆ? ಐದು ಇಂಚಿನ ಆಲಿಕೆದು, ಸೆಂಟ್ ಗೆರೆ ಇರೋದೇ ಬೇಕು. ಮಿಲಿಮೀಟರ್‌ದು ತಂದ್ರೆ ಅಜ್ಜಿ ಮುಟ್ಟಲ್ಲ ಅಂದಿದಾರೆ.